ಬೆಟ್ಟದವನ ಕಾಲು

"ಬೆಟ್ಟದವರು ಹುಟ್ಟುತ್ತಲೇ ಓಟಗಾರರು, ಗುರುಗಳೇ. ಅವರು ಗೆದ್ದರೆ ಅದರಲ್ಲಿ ಅವರ ಹೆಚ್ಚುಗಾರಿಕೆ ಏನು?"

ಮಠದ ಓಟದಲ್ಲಿ ಬೆಟ್ಟದ ಸಹಪಾಠಿಗೆ ಸೋತು ಬಂದ ಶಿಷ್ಯ, ಕಾಲಿನ ಧೂಳನ್ನೂ ತೊಳೆಯದೆ ಹೀಗೆ ಕೇಳಿದ. ಅವನು ಪಂಡಿತರ ಮನೆತನದವನು. ಸೋಲನ್ನೂ ತತ್ತ್ವದ ಪ್ರಶ್ನೆಯಾಗಿಸಬಲ್ಲವನು. ಗುರುಗಳು ನಿಟ್ಟುಸಿರು ಬಿಟ್ಟರು. ಪ್ರತಿ ಓಟ ಮುಗಿದ ಮೇಲೂ ಯಾರಾದರೊಬ್ಬರು ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಬರುತ್ತಿದ್ದರು. "ಕೂತುಕೋ" ಎಂದು ಕತೆ ಶುರು ಮಾಡಿದರು.

ಒಬ್ಬ ರಾಜನ ಬಳಿ, ಓಲೆ ಹೊತ್ತು ಊರಿಂದೂರಿಗೆ ಓಡುವ ಓಲೆಕಾರರ ಪಡೆಯಿತ್ತು. ಅವರಲ್ಲಿ ಬೆಟ್ಟದ ಸೀಮೆಯವನೊಬ್ಬನಿದ್ದ. ವರ್ಷಕ್ಕೊಮ್ಮೆ ನಡೆಯುವ ಓಟದಲ್ಲಿ ಅವನೇ ಗೆಲ್ಲುತ್ತಿದ್ದ. ಕೋಳಿ ಕೂಗುವ ಮುಂಚೆ ಎದ್ದು ಹೊಳೆಯ ಮರಳಿನಲ್ಲಿ ಓಡುವುದು ಅವನ ಅಭ್ಯಾಸ. ಆ ಹೊತ್ತಿಗೆ ಆಸ್ಥಾನದಲ್ಲಿ ಯಾರೂ ಎದ್ದಿರುತ್ತಿರಲಿಲ್ಲವಾದ್ದರಿಂದ ಅದಕ್ಕೆ ಸಾಕ್ಷಿಯಿರಲಿಲ್ಲ.

ಪಡೆಗೆ ಓಟ ಕಲಿಸುತ್ತಿದ್ದ ಉಸ್ತಾದ ವಯಸ್ಸಾಗಿ ಕೆಲಸ ಬಿಟ್ಟ. ಬೆಟ್ಟದವನ ಮೊಣಕಾಲು ಆಗಲೇ ನೋಯತೊಡಗಿತ್ತು. ಇನ್ನು ಕಲಿಸಿ ಬದುಕಬೇಕು, ಇಲ್ಲವೇ ಊರಿಗೆ ಮರಳಬೇಕು. ಅವನು ಮಂತ್ರಿಯ ಬಳಿ ಹೋಗಿ ಆ ಕೆಲಸ ಕೇಳಿದ.

ಮಂತ್ರಿ ವೈದ್ಯನನ್ನು ಕರೆಸಿದ. ವೈದ್ಯ ಕಾಲು ಮುಟ್ಟಿ ನೋಡಿ, ಬೆಟ್ಟದವರ ಮೂಳೆಯೇ ಬೇರೆ ಎಂದ. ಅವನು ಜೀವಮಾನದಲ್ಲಿ ಮುಟ್ಟಿದ್ದ ಬೆಟ್ಟದವರ ಕಾಲು ಅದೊಂದೇ.

"ನೀನು ಗೆಲ್ಲುವುದು ರಕ್ತದಿಂದ. ರಕ್ತವನ್ನು ಇನ್ನೊಬ್ಬರಿಗೆ ಹೇಗೆ ಕಲಿಸುತ್ತೀಯ?" ಎಂದ ಮಂತ್ರಿ.

"ಬುದ್ಧಿ, ನನ್ನ ಅಣ್ಣನದೂ ಇದೇ ರಕ್ತ. ಅವನು ಹಸುವಿನ ಹಿಂದೆ ಓಡಿದರೆ, ಪಾಪ ಅಂತ ಹಸುವೇ ನಿಂತು ಕಾಯುತ್ತದೆ."

"ಅಂಥವನೊಬ್ಬ ಎಲ್ಲ ಕಡೆಯೂ ಇರುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿಯಲಾಗದು."

ಓಟದಲ್ಲಿ ಎರಡನೆಯವನಾಗಿ ಬಂದಿದ್ದ ವ್ಯಾಪಾರಿಯ ಮಗನಿಗೆ ಕೆಲಸ ಸಿಕ್ಕಿತು. ಅವನದು ಸ್ವಂತ ಪರಿಶ್ರಮ ಎಂದು ಆಸ್ಥಾನ ಕೊಂಡಾಡಿತು. ಬೆಳಗ್ಗೆ ಬೇಗ ಏಳುವುದು ಒಗ್ಗದೆ ಅವನು ವರ್ಷದೊಳಗೆ ಅಂಗಡಿಗೆ ಮರಳಿದ.

ಮತ್ತೆ ಓಟ ಬಂತು. ಬೆಟ್ಟದವನು ಯೋಚಿಸಿದ. ಎಲ್ಲರಿಗಿಂತ ಮುಂದೆ ಓಡಿ, ಗುರಿ ಹತ್ತಿರವಾದಾಗ ಬೇಕೆಂದೇ ನಿಧಾನಿಸಿದ. ಸೇನಾಪತಿಯ ಅಳಿಯ ಏದುಸಿರು ಬಿಡುತ್ತ ಅವನನ್ನು ದಾಟಿ ಗೆದ್ದ.

ಬೆಟ್ಟದವನು ಮಂತ್ರಿಯ ಮುಂದೆ ನಿಂತು ಹೇಳಿದ: "ಬುದ್ಧಿ, ಹೋದ ಸಲ ಎರಡನೆಯವನಿಗೆ ಕೊಟ್ಟಿರಿ. ಈ ಸಲ ನಾನೇ ಎರಡನೆಯವನು."

"ಅಂಥ ರಕ್ತ ಇಟ್ಟುಕೊಂಡೂ ಸೋತೆಯಲ್ಲ. ಸೋಮಾರಿಗೆ ಯಾರಾದರೂ ಉಸ್ತಾದನ ಕೆಲಸ ಕೊಡುತ್ತಾರೆಯೇ?" ಎಂದ ಮಂತ್ರಿ. ಕೆಲಸ ಸೇನಾಪತಿಯ ಅಳಿಯನಿಗೆ ಹೋಯಿತು. ಬೆಟ್ಟದವನನ್ನೇ ಸೋಲಿಸಿದ ಪರಿಶ್ರಮ ಸಾಮಾನ್ಯವೇ?

ಬೆಟ್ಟದವನು ಓಲೆಯ ಚೀಲವನ್ನು ಅಲ್ಲೇ ಇಟ್ಟು ಊರಿಗೆ ಹೊರಟ. ಓಡಲಿಲ್ಲ. ನಡೆದೇ ಹೋದ.

ಕತೆ ಮುಗಿಯಿತು. ಶಿಷ್ಯ ಬಿಡಲಿಲ್ಲ. "ಹಾಗಾದರೆ ಹುಟ್ಟಿನಲ್ಲಿ ಏನೂ ಇಲ್ಲವೇ, ಗುರುಗಳೇ?"

"ಇದ್ದರೂ ಇರಬಹುದಪ್ಪ. ಆದರೆ ಮೊನ್ನೆ ಶ್ಲೋಕದ ಸ್ಪರ್ಧೆಯಲ್ಲಿ ನೀನು ನಿನ್ನ ಅದೇ ಬೆಟ್ಟದ ಸಹಪಾಠಿಯನ್ನು ಸೋಲಿಸಿದಾಗ, ನಿನ್ನ ಅಜ್ಜ ಮುತ್ತಜ್ಜ ಪಂಡಿತರೆಂಬುದು ನಿನಗೆ ನೆನಪಾಗಲಿಲ್ಲವಲ್ಲ."