ಕರಡಿ ಕೊರೆದ ದಿಮ್ಮಿ

ಬೇಸಿಗೆಯಲ್ಲಿ ಕಾಡಿನ ಹಳ್ಳಗಳೆಲ್ಲ ಬತ್ತಿ, ಕಡಿದಾದ ಬಂಡೆಯ ನೆತ್ತಿಯ ದೊಣೆಯಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಹೋದ ವರ್ಷ ಅಲ್ಲಿಗೆ ಹತ್ತಲಾಗದ ಕರಡಿಯೊಂದರ ಮರಿ ಬಾಯಾರಿ ಸತ್ತಿತ್ತು. ಈ ಸಲ ಮತ್ತೊಂದು ಮರಿ ಹುಟ್ಟಿದ್ದೇ ತಡ, ಕರಡಿ ಎರಡು ಮರಗಳ ಕವಲಿಗೆ ಒಂದು ದಿಮ್ಮಿ ಸಿಕ್ಕಿಸಿ, ಹಲ್ಲಿನಿಂದ ಕಚ್ಚು ಕೊರೆದು, ಅದರಲ್ಲಿ ಉಗುರೂರಿ ನೇತಾಡತೊಡಗಿತು.

ಬಿಸಿಲಿಗೆ ಮೈ ಕಾಯಿಸುತ್ತಿದ್ದ ಉಡಕ್ಕೆ ನಗು ಬಂತು. "ಏನು ಕರಡಮ್ಮ, ಜೋಕಾಲಿಯೇ? ಪಟ್ಟು ಎನ್ನುವುದು ಮೊಟ್ಟೆಯಲ್ಲೇ ಬರಬೇಕು."

"ನಾನು ಮೊಟ್ಟೆಯಿಂದ ಬಂದವಳಲ್ಲವಲ್ಲ ಮಾವ, ಪಟ್ಟನ್ನು ನಾನೇ ಮಾಡಿಕೊಳ್ಳಬೇಕು."

"ಆ ಕಚ್ಚು ನಿನ್ನ ಪಂಜದ ಅಳತೆಗಿದೆ. ಬಂಡೆಯೇನು ನಿನ್ನನ್ನು ಅಳೆದು ಬಿರುಕು ಬಿಟ್ಟಿದೆಯೇ?"

ಕರಡಿ ನೇರ ಬಂಡೆಯ ಬಳಿಗೆ ಹೋಯಿತು. ಅದರ ಬಿರುಕಿಗೆ ಹಸಿ ಜೇಡಿಮಣ್ಣು ಒತ್ತಿ ಅಚ್ಚು ತೆಗೆದು ತಂದು, ಅದೇ ಅಳತೆಗೆ ಹೊಸ ಕಚ್ಚು ಕೊರೆಯಿತು. ಅದರಲ್ಲಿ ಉಗುರಿನ ತುದಿ ಮಾತ್ರ ಹಿಡಿಯುತ್ತಿತ್ತು. ಬೆನ್ನ ಮೇಲೆ ಮರಿಯನ್ನು ಹೊತ್ತೇ ದಿನವೂ ನೇತಾಡಿತು. ಮರಿಯ ಭಾರ ಬೆಳೆದಂತೆ ತಾಯಿಯ ಹಿಡಿತವೂ ಬೆಳೆಯಿತು.

ಹಳ್ಳ ಬತ್ತಿದ ದಿನ ಕರಡಿ ಮರಿಯನ್ನು ಹೊತ್ತು ಬಂಡೆ ಹತ್ತಿತು. ಉಡ ದೊಣೆಯ ಅಂಚಿನಿಂದ ಬಗ್ಗಿ ನೋಡುತ್ತಿತ್ತು. ಅರ್ಧ ದಾರಿಯಲ್ಲಿ ಕರಡಿಯ ಕಾಲಡಿಯ ಕಲ್ಲು ಕಿತ್ತು ಉರುಳಿತು. ಮರಿ ಚೀರಿತು. ಅಷ್ಟು ದೊಡ್ಡ ದೇಹ ಒಂದೇ ಪಂಜದ ಉಗುರಿನ ತುದಿಯಲ್ಲಿ ತೂಗಿತು, ನಿಂತಿತು, ಮತ್ತೆ ಮೇಲೇರಿತು. ಅಷ್ಟು ಭಾರಕ್ಕೆ ತನ್ನ ಪಟ್ಟೂ ಬಿಟ್ಟುಹೋಗುತ್ತಿತ್ತು ಎಂದು ಉಡಕ್ಕೆ ಗೊತ್ತಿತ್ತು.

ಕರಡಿಯ ತಲೆ ಅಂಚಿನಲ್ಲಿ ಕಂಡಾಗ ಉಡ ನೀರಿನಿಂದ ಹಿಂದೆ ಸರಿಯಿತು.

"ಮೊದಲು ಮಗು ಕುಡಿಯಲಿ, ತಾಯಿ," ಎಂದಿತು.