ಕಾಯಿಲೆಯಾದದ್ದು ಯಾರಿಗೆ?

ಹಜರತ್ ಮುನೀಬ್ ಶಾ ಅವರು ಬೀದರ್ ಕೋಟೆಯ ಹೊರಗೆ, ಬತ್ತಿದ ಬಾವಿಯೊಂದರ ಪಕ್ಕದಲ್ಲಿ, ಈಚಲು ಚಾಪೆ ಹೆಣೆದು ಬದುಕಿದವರು. ಆ ಮಹಾತ್ಮರ ಗುಡಿಸಲಿಗೆ ಬಾಗಿಲೇ ಇರಲಿಲ್ಲ. ಕದಿಯಲು ಒಳಗೆ ಏನಾದರೂ ಇದ್ದರಲ್ಲವೇ!

ಒಂದು ದಿನ ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಮೌಲಾನಾ ಜಹೀರುದ್ದೀನರು ಅಲ್ಲಿಗೆ ದಯಮಾಡಿಸಿದರು. ಮಹಾ ವಿದ್ವಾಂಸರು, ಮೂಗಿನ ತುದಿಯಲ್ಲೇ ಕೋಪ. ಅಂದಿನ ಕೋಪ ಒಡಹುಟ್ಟಿದ ತಮ್ಮ ಫಸೀಹನ ಮೇಲೆ. ಕುರಾನಿನಲ್ಲಿ 'ಅಲ್ಲಾಹನ ಕೈ' ಎಂಬಲ್ಲಿ ಕೈಯೆಂದರೆ ಶಕ್ತಿಯೆಂದೇ ತಿಳಿಯಬೇಕೆಂದು ಅಣ್ಣ. ಅಲ್ಲಾಹನೇ ಕೈ ಎಂದಿದ್ದಾನೆ, ಹೇಗೆ ಏನು ಎಂದು ಕೆದಕದೆ ನಂಬುತ್ತೇನೆಂದು ತಮ್ಮ. ಮಾತಿಗೆ ಮಾತು ಬೆಳೆದು ಫತ್ವಾದವರೆಗೆ ಬಂದಿತ್ತು. ಫಸೀಹ್ ದಾರಿ ತಪ್ಪಿದವನು, ಅವನ ಹೊಸ್ತಿಲು ಯಾರೂ ತುಳಿಯಕೂಡದು, ಸತ್ತರೆ ಜನಾಜಾ ನಮಾಜೂ ಕೂಡದು! ಇಬ್ಬರು ಹಿರಿಯರ ಮೊಹರು ಬಿದ್ದಾಗಿತ್ತು. ಹಜರತರದೂ ಬಿದ್ದರೆ ಇಡೀ ಊರು ಒಪ್ಪಿದಂತೆ.

ಹಜರತರು ಫತ್ವಾದ ಕಾಗದವನ್ನು ಓದಿಸಿ ಕೇಳಿಸಿಕೊಂಡರು.

"ಮೌಲಾನಾ, ನಾ ಓದಿದವನಲ್ಲ. ಒಂದು ಸಂಶಯ ಅದ, ಬಿಡಿಸ್ತೀರೇನು?"

"ಕೇಳ್ರಿ ಹಜರತ್."

"ಕಯಾಮತ್ತಿನ ದಿನ, ಎಲ್ಲಾರ ಲೆಕ್ಕ ಕೇಳೋ ದಿನ, ಅಲ್ಲಾಹ್ ಮನುಷ್ಯಾಗ ಕೇಳ್ತಾನಂತ, ನನಗ ಜಡ್ಡಾಗಿತ್ತು, ನೀ ನೋಡಲಕ್ಕ ಬರಲಿಲ್ಲ ಅಂತ. ಅವಂಗ ಜಡ್ಡು ಬರ್ತದೇನು?"

ಮೌಲಾನಾರ ಮುಖ ಅರಳಿತು. ಇದು ಅವರಿಗೆ ನೀರು ಕುಡಿದಷ್ಟು ಸುಲಭ.

"ತೋಬಾ, ತೋಬಾ! ಅವಂಗೆಲ್ಲಿ ಜಡ್ಡು? ಜಡ್ಡಾಗಿದ್ದು ಅವನ ದಾಸಗ. ನೀ ಅವನ್ನ ನೋಡಲಕ್ಕ ಹೋಗಿದ್ದರ ನಾ ಅಲ್ಲೇ ಸಿಗ್ತಿದ್ದೆ ಅಂತ ಮುಂದ ಅವನೇ ಬಿಡಿಸಿ ಹೇಳ್ಯಾನ. ಇದಕ್ಕ ಬ್ಯಾರೆ ಅರ್ಥ ಮಾಡಲಕ್ಕ ಯಾರಿಂದಲೂ ಆಗಲ್ಲ!"

ಹಜರತರು ತಲೆಯೆತ್ತಿ ನೋಡಿದರು.

"ಫಸೀಹ್ ಹಾಸಿಗೀ ಹಿಡಿದು ಎಷ್ಟು ದಿನ ಆಯ್ತು?"

ಮೌಲಾನಾರು ಬೆರಳು ಮಡಚಿ ಎಣಿಸಿದರು. ಒಂಬತ್ತು ದಿನ. ಜ್ವರದ ಸುದ್ದಿ ಅವರ ಕಿವಿಗೆ ಬಿದ್ದಿತ್ತು, ಕೇಳಿಯೂ ಕೇಳದವರಂತೆ ಇದ್ದುಬಿಟ್ಟಿದ್ದರು. ಈಗ ಅರ್ಥ ಬಿಡಿಸಿದ್ದು ಅವರದೇ ಬಾಯಿ. ನಾಳೆ ಆ ಪ್ರಶ್ನೆ ತಮಗೇ ಬಂದರೆ ಏನು ಹೇಳುವುದು? ಜೋಡು ಮೆಟ್ಟುವುದನ್ನೂ ಮರೆತು ಆ ವಿದ್ವಾಂಸರು ಬಿಸಿಲಿನಲ್ಲಿ ಓಡಿದರು.

ಹೆಂಡತಿಯನ್ನು ಕಳೆದುಕೊಂಡು ಫಸೀಹ್ ಒಂಟಿಯಾಗಿದ್ದವನು. ಬರಲಿರುವ ಫತ್ವಾದ ಹೆದರಿಕೆಗೆ ನೆರೆಹೊರೆಯವರು ಗಂಜಿ ನೀರನ್ನು ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದರು. ತೆವಳಿ ಬಂದು ತೆಗೆದುಕೊಂಡ ಗುರುತು ನೆಲದ ಧೂಳಿನಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ಮೌಲಾನಾರು ಎದೆ ಬಡಿದುಕೊಂಡು ಅತ್ತರು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಹಾಕಿದರು.

"ಒಂಬತ್ತು ದಿನ ಒಬ್ಬನೇ ಬಿದ್ದಿದ್ದಿಯಲ್ಲೋ ನನ್ನಪ್ಪಾ!"

ಫಸೀಹ್ ಕಣ್ಣು ತೆರೆದ. ಅಣ್ಣನನ್ನು ಕಂಡು ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಒಬ್ಬನೇ ಎಲ್ಲಿದ್ದೆ, ಭಾಯಿಜಾನ್?"

ಮೌಲಾನಾರ ರೋಮ ರೋಮವೂ ನಿಮಿರಿ ನಿಂತಿತು. ಆ ಖಾಲಿ ಕೋಣೆಯ ಸುತ್ತ ಕಣ್ಣಾಡಿಸಲೂ ಅವರಿಗೆ ಧೈರ್ಯ ಬರಲಿಲ್ಲ. ಸಂಜೆಯ ಅಜಾನ್ ಕೇಳಿಸುವವರೆಗೆ ತಮ್ಮನ ಪಾದಗಳನ್ನು ಹಿಡಿದು ತಲೆ ತಗ್ಗಿಸಿಯೇ ಕುಳಿತಿದ್ದರು.