ಮಾಸ್ತರರ ಸರ್ವರ್ರೂ ಅಂಬಕ್ಕನ ಗೋಪುರವೂ

ಗುರುಶಾಂತಪ್ಪ ಮಾಸ್ತರರು ಧಾರವಾಡದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಅಕ್ಷರ ಬಲು ಚೆಂದ. ಚೆಂದ ಎಂಬುದು ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ ಗೊತ್ತಿತ್ತು.

ನಿವೃತ್ತಿಯ ಮೇಲೆ ಅವರಿಗೊಂದು ಹೊಸ ಹುಚ್ಚು ಹಿಡಿಯಿತು. ಹಳೆಯ ಕಂಪ್ಯೂಟರೊಂದನ್ನು ಪಡಸಾಲೆಯ ಮೂಲೆಯಲ್ಲಿಟ್ಟು, ಮನೆಯ ವಿಡಿಯೊಗಳನ್ನೆಲ್ಲ ಅದರೊಳಗೆ ತುಂಬಿ, ಅಲ್ಲಿಂದ ಟಿವಿಗೆ ಬರುವಂತೆ ಮಾಡಿದರು. ಇದಕ್ಕೆ ಸರ್ವರ್ ಅನ್ನುತ್ತಾರೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು. ಹೆಂಡತಿ ಸುವರ್ಣಾ ಮಾತ್ರ ಅದನ್ನು ‘ನಿಮ್ಮ ಡಬ್ಬಿ’ ಎನ್ನುತ್ತಿದ್ದಳು.

ಆ ಡಬ್ಬಿಯಲ್ಲಿ ಬಂಗಾರದಂಥದ್ದು ಒಂದಿತ್ತು. ಅಂಬಕ್ಕ ಕಸೂತಿ ಹಾಕುವ ವಿಡಿಯೊ. ಅಂಬಕ್ಕ ಸುವರ್ಣಾಳ ಕಸೂತಿ ಗುರು, ಎಂಬತ್ತು ದಾಟಿದ ಜೀವ. ಈಗ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲೂ ಆಗದು. ಅವರು ಹಾಕುತ್ತಿದ್ದ ಒಂಬತ್ತು ಅಂತಸ್ತಿನ ಗೋಪುರದ ವಿನ್ಯಾಸವನ್ನು ಇನ್ನೊಬ್ಬರು ಕಲಿತಿರಲಿಲ್ಲ. ಹದಿನೈದು ವರ್ಷದ ಹಿಂದೆ ಮಾಸ್ತರರೇ ಅದನ್ನು ಕ್ಯಾಮರಾದಲ್ಲಿ ಹಿಡಿದಿದ್ದರು. ಟೇಪಿಗೆ ಬೂಸ್ಟು ಹಿಡಿದು ಹಾಳಾಗಿತ್ತು. ಉಳಿದದ್ದು ಸರ್ವರಿನೊಳಗಿನ ಒಂದೇ ಒಂದು ಪ್ರತಿ.

ಆ ಗೋಪುರ ಅಂಬಕ್ಕನ ಜೊತೆಗೇ ಹೋಗಬಾರದು ಎಂದು ಸುವರ್ಣಾ ಹಟ ತೊಟ್ಟಳು. ಓಣಿಯ ನಾಲ್ಕೈದು ಹೆಂಗಸರನ್ನು ಸೇರಿಸಿ, ದಿನಾ ಮಧ್ಯಾಹ್ನ ವಿಡಿಯೊ ನೋಡಿ ಕಲಿಯುವುದೆಂದು ಗೊತ್ತುಮಾಡಿದಳು. ಮಾಸ್ತರರು ಸುಮ್ಮನಿರುತ್ತಾರೆಯೇ? ಯಾವ ಹೊಲಿಗೆ ಎಲ್ಲಿ ಬರುತ್ತದೆ ಎಂದು ತಿಳಿಯಲಿ ಅಂತ ಹೊಲಿಗೆಯ ಹೆಸರುಗಳನ್ನು ವಿಡಿಯೊದ ಅಡಿಯಲ್ಲಿ ಸೇರಿಸಲು ಕೂತರು. ಟಿವಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಚೂರಾಗಿ ಬಂದವು. ಮಾಸ್ತರರಿಗೆ ಅದನ್ನು ಸಹಿಸಲಾಗಲಿಲ್ಲ. ಒಂದೊಂದು ಹೆಸರನ್ನೂ ತಮ್ಮ ಕೈಯಾರೆ ಬರೆದು, ಚಿತ್ರ ಮಾಡಿ, ಜೋಡಿಸಿದರು.

ಮೊದಲ ದಿನ ಎಲ್ಲರೂ ಬಟ್ಟೆ, ಸೂಜಿ ಹಿಡಿದು ಟಿವಿ ಮುಂದೆ ಕೂತರು. ಅಂಬಕ್ಕ ಸುಮ್ಮನೆ ಕೂತಿರುವಷ್ಟು ಹೊತ್ತು ಚಿತ್ರ ಸರಿಯಾಗಿತ್ತು. ಸೂಜಿ ಅಲುಗಿದ್ದೇ ತಡ, ಬಟ್ಟೆಯ ಎಳೆಗಳೆಲ್ಲ ಕಲಸಿಹೋದವು. ಕಸೂತಿ ಎಂದರೆ ಎಳೆ ಎಣಿಸುವ ಕೆಲಸ. ಮೂರು ಬಿಟ್ಟರೋ ನಾಲ್ಕು ಬಿಟ್ಟರೋ ಗೊತ್ತಾಗದಿದ್ದರೆ ಗೋಪುರ ಏಳುವುದಿಲ್ಲ.

“ಮಾಸ್ತರ, ಇದು ಗೋಪುರೇನು, ಹಿಟ್ಟಿನ ಮುದ್ದಿಯೇನು?” ಎಂದು ಒಬ್ಬಾಕೆ ಕೇಳಿಯೇಬಿಟ್ಟಳು.

ಮಾಸ್ತರರ ಮುಖ ಸಣ್ಣದಾಯಿತು. ಮರುದಿನ ವೈರು ಬದಲಿಸಿದರು. ವೈಫೈ ಡಬ್ಬಿಯನ್ನು ಕಪಾಟಿನ ಮೇಲೇರಿಸಿದರು. ಟಿವಿಯ ಸೆಟ್ಟಿಂಗುಗಳನ್ನೆಲ್ಲ ತಿರುವಿ ಹಾಕಿದರು. ಕೊನೆಗೆ ಟಿವಿಯ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಎಲ್ಲವನ್ನೂ ಒಟ್ಟಿಗೇ ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂಬುದು ಅವರಿಗೇ ನೆನಪಿರಲಿಲ್ಲ. ಎಳೆ ಮಾತ್ರ ಕಾಣಲಿಲ್ಲ.

ಮೂರನೆಯ ದಿನ ಅವರು ತೀರ್ಪು ಕೊಟ್ಟರು. “ವಿಡಿಯೊನ ಕೆಟ್ಟೈತಿ. ನಾನ ಸರಿ ತಗದಿಲ್ಲ ಅಂತ ಕಾಣತೈತಿ.”

ವಿಡಿಯೊ ತೊಳೆದು ನಿಚ್ಚಳ ಮಾಡಿಕೊಡುವ ಸಾಫ್ಟ್‌ವೇರ್ ಒಂದನ್ನು ಹುಡುಕಿದ್ದರು. ಡಿಸ್ಕಿನಲ್ಲಿ ಎರಡು ಪ್ರತಿಗೆ ಜಾಗವಿರಲಿಲ್ಲ. ಹೊಸದು ಬರುತ್ತ ಹೋದಂತೆ ಹಳೆಯದು ಅಳಿಸಿಹೋಗಬೇಕು.

“ರೀ, ಉಳದಿದ್ದು ಅದೊಂದ ಐತ್ರಿ,” ಅಂದಳು ಸುವರ್ಣಾ.

“ಕೆಟ್ಟದ್ದನ್ನ ಇಟ್ಕೊಂಡು ಏನ್ ಮಾಡೂದು?” ಎಂದರು ಮಾಸ್ತರರು. ಬಾಯಲ್ಲಿ ಹಾಗೆಂದರೂ ಮೌಸಿನ ಮೇಲಿದ್ದ ಬೆರಳಿಗೆ ಧೈರ್ಯ ಬಂದಿರಲಿಲ್ಲ.

ಸುವರ್ಣಾ ಹೋಗಿ ಅಂಬಕ್ಕನ ಕೈ ಹಿಡಿದು ಕರೆತಂದಳು. ಅಂಬಕ್ಕ ಕುರ್ಚಿಯಲ್ಲಿ ಕೂತು, ಕತೆಯನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರು.

“ತಿರುವಿ ನೋಡಿದ್ರೇನು ಮಾಸ್ತರ?”

“ಏನ್ ತಿರುವೂದ್ರಿ ಅಕ್ಕಾರ?”

“ಕಸೂತಿ ತಪ್ಪಿದ್ರ ನಾವು ಬಟ್ಟಿ ತಿರುವ್ತೀವಿ. ದಾರ ಎಲ್ಲಿ ದಾರಿ ಬಿಟ್ಟೈತಿ ಅನ್ನೂದು ಹಿಂದ ಕಾಣತೈತಿ. ಹಿಂದ ನೋಡದ ಕತ್ತರಿ ಹಿಡದಾಕಿನ್ನ ನಾ ಅವತ್ತ ಮನಿಗೆ ಕಳಸ್ತಿದ್ದೆ.”

ಟಿವಿಗೂ ಬೆನ್ನಿದೆಯೇ ಎಂದು ಮಾಸ್ತರರಿಗೆ ನಗು ಬಂತು. ಅರ್ಧಕ್ಕೇ ನಿಂತಿತು. ಇದೆ! ಸರ್ವರ್ ಈಗ ಏನು ಮಾಡುತ್ತಿದೆ ಎಂದು ತೋರಿಸುವ ಪುಟವೊಂದಿದೆ. ಅದನ್ನು ಅವರು ಸರ್ವರ್ ಕೂರಿಸಿದ ದಿನ ಜಂಬಕ್ಕೆ ತೆರೆದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಮೊದಲು ವಿಡಿಯೊವನ್ನು ಟಿವಿಯ ಗೊಡವೆಯಿಲ್ಲದೆ ಕಂಪ್ಯೂಟರಿನಲ್ಲೇ ಹಾಕಿ ನೋಡಿದರು. ಎಳೆ ಎಳೆಯಾಗಿ ಕಂಡಿತು. ಮಾಸ್ತರರ ಉಸಿರು ಒಮ್ಮೆಗೇ ಹೊರಬಂತು. ಮೂಲ ಕೆಟ್ಟಿರಲಿಲ್ಲ!

ಹಾಗಾದರೆ ನಡುದಾರಿಯಲ್ಲೇ ಏನೋ ಆಗುತ್ತಿದೆ. ಟಿವಿಗೆ ಹಚ್ಚಿ ಆ ಪುಟ ತೆರೆದರು. ಸರ್ವರ್ ವಿಡಿಯೊವನ್ನು ಇದ್ದಂತೆ ಕಳಿಸುತ್ತಿರಲಿಲ್ಲ, ಮತ್ತೆ ಹೊಸದಾಗಿ ಮಾಡಿ ಕಳಿಸುತ್ತಿತ್ತು. ಏಕೆ ಎಂಬುದನ್ನೂ ಅಲ್ಲೇ ಬರೆದಿತ್ತು. ಅಡಿಯಲ್ಲಿದ್ದ ಹೆಸರುಗಳು ಚಿತ್ರಗಳಾಗಿದ್ದವು. ಟಿವಿಗೆ ಅವನ್ನು ತಾನಾಗಿ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಸರ್ವರೇ ಅವನ್ನು ವಿಡಿಯೊದ ಮೇಲೆ ಅಂಟಿಸಿ, ಇಡೀ ವಿಡಿಯೊವನ್ನು ಅದು ಓಡುತ್ತಿರುವಾಗಲೇ ಮತ್ತೆ ತಯಾರಿಸಬೇಕಿತ್ತು. ಮುದಿ ಯಂತ್ರ, ಅವಸರದ ಕೆಲಸ. ಸೂಜಿ ಚುರುಕಾದಲ್ಲೆಲ್ಲ ಅದು ಸಣ್ಣ ಎಳೆಗಳನ್ನು ಕೈಬಿಡುತ್ತಿತ್ತು.

ಮಾಸ್ತರರು ಟಿವಿಯತ್ತ ನೋಡಿದರು. ಗೋಪುರ ಮುದ್ದೆಯಾಗಿತ್ತು. ಅದರ ಕೆಳಗೆ ಅವರ ದುಂಡು ಅಕ್ಷರ ಮಾತ್ರ ನಿಚ್ಚಳವಾಗಿ ನಿಂತಿತ್ತು. ಅವರಿಗೆ ಬಹಳ ನಾಚಿಕೆಯಾಯಿತು.

ಅಕ್ಷರಗಳನ್ನು ತೆಗೆದು ವಿಡಿಯೊ ಮತ್ತೆ ಹಚ್ಚಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ.

“ನಾಕೆಳಿ! ಅಕ್ಕಾರ, ನಾಕೆಳಿ ಬಿಟ್ಟೀರಿ!” ಎಂದು ಸುವರ್ಣಾ ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಹೆಂಗಸರೆಲ್ಲ ಟಿವಿಯನ್ನು ಮುತ್ತಿದರು. ಮಾಸ್ತರರು ಮೌಸ್ ಬಿಟ್ಟು ಅಂಗೈ ಬೆವರು ಒರೆಸಿಕೊಂಡರು. ಬೆರಳು ಒಂದು ಸಲ ಒತ್ತಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು ಎಂದು ನೆನೆದು ಅವರ ಕಣ್ಣು ತುಂಬಿತು. ಅಂದೇ ಇನ್ನೊಂದು ಡಿಸ್ಕು ತಂದು ಮತ್ತೊಂದು ಪ್ರತಿ ಮಾಡಿಟ್ಟರು.

“ಆದ್ರ ಹೊಲಿಗಿ ಹೆಸರು ಇವರಿಗೆ ಹೆಂಗ್ ತಿಳೀಬೇಕ್ರಿ ಅಕ್ಕಾರ?” ಎಂದು ಆಮೇಲೆ ಮೆಲ್ಲಗೆ ಕೇಳಿದರು.

“ಹೇಳಾಕ ನಾ ಸತ್ತೀನೇನು?” ಅಂದರು ಅಂಬಕ್ಕ.

ಮಾಸ್ತರರಿಗೆ ಇಷ್ಟು ದಿನ ಇದು ಹೊಳೆದೇ ಇರಲಿಲ್ಲ. ಮರುದಿನದಿಂದ ಅಂಬಕ್ಕನ ಕುರ್ಚಿ ಟಿವಿಯ ಪಕ್ಕಕ್ಕೆ ಬಂತು. ಕಣ್ಣಿಗೆ ಕಾಣದಿದ್ದರೇನು, ವಿಡಿಯೊದೊಳಗಿನ ತಮ್ಮದೇ ಬಳೆಯ ಸದ್ದು ಹಿಡಿದು ಹೇಳುತ್ತಿದ್ದರು: “ಇದು ಗವಂತಿ ಹೊಲಿಗಿ. ಹೋದ ದಾರಿಲೇ ಹೊಳ್ಳಿ ಬರ್ರಿ.”

ಎರಡು ತಿಂಗಳಿಗೆ ಸುವರ್ಣಾಳ ಬಟ್ಟೆಯಲ್ಲಿ ಒಂಬತ್ತನೆಯ ಅಂತಸ್ತು ಎದ್ದಿತು. ಅಂಬಕ್ಕ ಅದನ್ನು ಮಡಿಲಲ್ಲಿ ಹಾಕಿಕೊಂಡರು. ಮೊದಲು ತಿರುವಿದರು. ಹಿಂಬದಿಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಒಳ್ಳೆಯ ಕಸೂತಿಯ ಹಿಂಬದಿಯಲ್ಲಿ ಗಂಟಿರಬಾರದು; ಎಲ್ಲಿಯೂ ಸಿಗಲಿಲ್ಲ.

“ಗೋಪುರ ನಿನಗ ಬಂತು,” ಅಂದರು.

ನೀತಿ: ಕೆಟ್ಟಂತೆ ಕಂಡ ಮಾತ್ರಕ್ಕೆ ಮೂಲವೇ ಕೆಟ್ಟಿದೆ ಎಂದುಕೊಳ್ಳಬಾರದು. ಮತ್ತೆ ಸಿಗದ ವಸ್ತುವಿಗೆ ಕೈ ಹಚ್ಚುವ ಮೊದಲು ಹಿಂಬದಿ ತಿರುವಿ ನೋಡಬೇಕು. ನಾವೇ ಪ್ರೀತಿಯಿಂದ ಸೇರಿಸಿದ್ದು ಏನಾದರೂ ಅಡ್ಡ ನಿಂತಿದೆಯೇ ಎಂದು ಎಲ್ಲಕ್ಕೂ ಮೊದಲು ನೋಡಬೇಕು.